ಕುಕೀ ಕೆಟ್ಟಿತಾ? ಮೊದಲು ಮಗುಚಿ ನೋಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಟ್ರೇ ತುಂಬಾ ಒಂದೇ ಒಂದು ಕುಕೀ. ಅವಳು ಒಳಗಿಟ್ಟಿದ್ದು 12 ಉಂಡೆ. ಹೊರಗೆ ಬರುವಷ್ಟರಲ್ಲಿ ಹನ್ನೆರಡೂ ಕೈಕೈ ಹಿಡಿದುಕೊಂಡು ಹೋಳಿಗೆ ಥರ ಹರಡಿ ಮಲಗಿದ್ದವು. ಕೆಳಗೆ ಒಂದು ಸಾಲು: "ಓವನ್ ಕೆಟ್ಟಿದೆ ಅನ್ಸತ್ತೆ, ಮೆಕ್ಯಾನಿಕ್ ಕರೆಸ್ಲಾ?"

ಮೆಕ್ಯಾನಿಕ್ ಬೇಕಿರಲಿಲ್ಲ. ಬೆಣ್ಣೆ ಎಷ್ಟು ಹೊತ್ತು ಹೊರಗಿತ್ತು ಅಂತ ಕೇಳಿದೆ. "ರೆಸಿಪಿಯಲ್ಲಿ ರೂಮ್ ಟೆಂಪರೇಚರ್ ಅಂತಿತ್ತು, ಬೆಳಗ್ಗೆಯೇ ತೆಗೆದಿಟ್ಟಿದ್ದೆ" ಅಂದಳು. ರೆಸಿಪಿ ಬರೆದವರ ರೂಮು 20 ಡಿಗ್ರಿ ಇದ್ದಿರಬೇಕು. ಬಳ್ಳಾರಿಯ ಅಡುಗೆಮನೆ ಏಪ್ರಿಲ್‌ನಲ್ಲಿ ಎಷ್ಟಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮನೆ ಕುಕೀಯ ತೊಂದರೆಗಳು ಬಹುಪಾಲು ಹೀಗೇ. ಕಣ್ಣಿಗೆ ಬೀಳುವುದು ಓವನ್ ಬಾಗಿಲು ತೆಗೆದಾಗ, ಶುರುವಾಗಿರುವುದು ಕಟ್ಟೆಯ ಮೇಲೆ. ಹಾಗಾಗಿ ಓವನ್ ಬೈಯುವ ಮುಂಚೆ, ರೆಸಿಪಿ ಬದಲಾಯಿಸುವ ಮುಂಚೆ, ಕೆಟ್ಟ ಕುಕೀಯನ್ನೇ ಕೈಗೆ ತಗೊಳ್ಳಿ. ಮಗುಚಿ ತಳದ ಬಣ್ಣ ನೋಡಿ. ಅಂಚನ್ನು ಬೆರಳಲ್ಲಿ ಸವರಿ. ನಡುವೆ ಮುರಿದು ಒಳಗೆ ನೋಡಿ. ಏನು ತಪ್ಪಾಯಿತು ಅಂತ ಅದರಲ್ಲೇ ಬರೆದಿರುತ್ತದೆ.

ಒಂದು ಎಚ್ಚರಿಕೆ. ಬಿಸಿ ಕುಕೀ ಯಾವಾಗಲೂ ಮೆತ್ತಗೇ ಇರುತ್ತದೆ. ಬೆಣ್ಣೆ ಮತ್ತು ಸಕ್ಕರೆ ಇನ್ನೂ ಕರಗಿದ ಸ್ಥಿತಿಯಲ್ಲಿರುತ್ತವೆ, ತಣಿದ ಮೇಲೆ ಗಟ್ಟಿಯಾಗುತ್ತವೆ. "ಅಯ್ಯೋ ಬೆಂದಿಲ್ಲ" ಅಂತ ಮತ್ತೆ 5 ನಿಮಿಷ ಒಳಗಿಟ್ಟು, ಆಮೇಲೆ ಕಲ್ಲಾಯಿತು ಅಂತ ಗೋಳಾಡುವವರು ಬಹಳ. ಟ್ರೇಯಲ್ಲೇ 10 ನಿಮಿಷ ಬಿಡಿ. ಪರೀಕ್ಷೆ ಆಮೇಲೆ.

ಹೋಲಿಕೆಗೆ ಒಂದು ಕುಕೀ

ದೋಷ ಹುಡುಕಬೇಕಾದರೆ ಸರಿಯಾದದ್ದು ಯಾವುದು ಅಂತ ಗೊತ್ತಿರಬೇಕಲ್ವಾ. ನಾನು ಇಟ್ಟುಕೊಂಡಿರುವ ಅಳತೆ ಇದು, ಮೊಟ್ಟೆ ಇಲ್ಲದ ಬೆಣ್ಣೆ ಕುಕೀ: ಮೈದಾ 150 ಗ್ರಾಂ, ಬೆಣ್ಣೆ 100 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ 60 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಹಾಲು 1 ದೊಡ್ಡ ಚಮಚ. ಪ್ಯಾಕೆಟ್ ಬೆಣ್ಣೆ ಉಪ್ಪಿನದ್ದಾದರೆ ಬೇರೆ ಉಪ್ಪು ಬೇಡ, ಅದರಲ್ಲಿರುವುದೇ ಸಾಕು. ಬೆಣ್ಣೆ, ಸಕ್ಕರೆ ಎರಡನ್ನೂ ಬಣ್ಣ ಬಿಳುಪಾಗುವ ತನಕ ತಿರುವಿ. ಮೈದಾ, ಬೇಕಿಂಗ್ ಪೌಡರ್ ಜರಡಿ ಹಿಡಿದು ಹಾಕಿ. ಹಾಲು ಸೇರಿಸಿ ಒಟ್ಟುಗೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. 18 ಗ್ರಾಂ ತೂಕದ ಸುಮಾರು 18 ಉಂಡೆ ಆಗುತ್ತವೆ. 4 ಸೆಂಟಿಮೀಟರ್ ಅಗಲಕ್ಕೆ ತಟ್ಟಿ, 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ.

ಸರಿಯಾಗಿ ಬಂದರೆ 4 ಸೆಂಟಿಮೀಟರಿನದ್ದು 5ರ ಹತ್ತಿರ ಹರಡಿರುತ್ತದೆ. ಮೇಲೆ ತಿಳಿ ಕೆನೆ ಬಣ್ಣ, ಅಂಚಿನಲ್ಲಿ ಹೊಂಬಣ್ಣದ ಒಂದು ಗೆರೆ, ತಳ ಪೂರ್ತಿ ಒಂದೇ ಸಮ ಹೊಂಬಣ್ಣ. ಮುರಿದರೆ ಟಕ್ ಅನ್ನಬೇಕು, ಆದರೆ ಪುಡಿ ಉದುರಬಾರದು.

ಇನ್ನೊಂದು ಅಭ್ಯಾಸ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಹಿಟ್ಟು ಕಲಸಿದ ಮೇಲೆ ಒಂದೇ ಒಂದು ಕುಕೀ ಬೇಯಿಸಿ. ದೋಸೆ ಹಿಟ್ಟಾದರೆ ಮೊದಲ ದೋಸೆ ಹೊಯ್ದು ಹದ ನೋಡುತ್ತೀವಲ್ಲ, ಹಾಗೆ. ಒಂಟಿ ಕುಕೀ 1 ನಿಮಿಷ ಬೇಗ ಬೇಯಬಹುದು, ಅಷ್ಟೇ. ಹರಡಿತಾ? ಉಳಿದ ಹಿಟ್ಟನ್ನು ಫ್ರಿಜ್‌ಗಿಡಿ. ಹರಡಲೇ ಇಲ್ವಾ? ಒಂದು ಚಮಚ ಹಾಲು ಸೇರಿಸಿ. 17 ಉಂಡೆ ಇನ್ನೂ ನಿಮ್ಮ ಕೈಯಲ್ಲೇ ಇವೆ. ತಿದ್ದುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಬೆಣ್ಣೆ ಕಡಿಮೆ ಮಾಡಿ, ಹಿಟ್ಟು ಜಾಸ್ತಿ ಮಾಡಿ, ಓವನ್ ಶಾಖವನ್ನೂ ತಿರುಗಿಸಿಬಿಟ್ಟರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗಲ್ಲ.

ಹರಡಿ ಅಪ್ಪಳ ಆಯಿತು

ಅಕ್ಕನ ರೋಗ. ಎಲ್ಲಕ್ಕಿಂತ ಸಾಮಾನ್ಯವಾದದ್ದೂ ಇದೇ.

ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುತ್ತದೆ. ಸಕ್ಕರೆ ಜೊತೆ ತಿರುವಲು ಅದು 18ರಿಂದ 20 ಡಿಗ್ರಿಯಲ್ಲಿದ್ದರೆ ಚೆಂದ. ಆ ಹದದ ಬೆಣ್ಣೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಓವನ್‌ನಲ್ಲಿ ನಿಧಾನವಾಗಿ ಕರಗುತ್ತದೆ. ಅಷ್ಟರಲ್ಲಿ ಹಿಟ್ಟು ಬೆಂದು ಅಂಚು ಗಟ್ಟಿಯಾಗಿರುತ್ತದೆ. ಕಲಸುವಾಗಲೇ ಬೆಣ್ಣೆ ಎಣ್ಣೆಯಾಗಿದ್ದರೆ ಉಂಡೆಯನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಬಿಸಿ ತಗುಲಿದ ತಕ್ಷಣ ಹರಿದುಬಿಡುತ್ತದೆ.

ಥರ್ಮಾಮೀಟರ್ ಬೇಡ, ಬೆರಳು ಸಾಕು. ಬೆಣ್ಣೆಯನ್ನು ತೋರುಬೆರಳಿನಿಂದ ಒತ್ತಿ. ಗುಂಡಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡು ಅಂಟಬಾರದು. ಗುಂಡಿಯೇ ಬೀಳದಿದ್ದರೆ ಇನ್ನೂ ತಣ್ಣಗಿದೆ. ಬೆರಳು ಸರ್ರನೆ ತಳಕ್ಕಿಳಿದು ಹೊಳೆಯುತ್ತಾ ಬಂದರೆ ಹೊತ್ತು ಮೀರಿದೆ. ಬೆಂಗಳೂರು, ಮೈಸೂರಿನ ಡಿಸೆಂಬರ್‌ನಲ್ಲಿ ಈ ಹದಕ್ಕೆ 1 ಗಂಟೆ ಬೇಕಾಗಬಹುದು. ಬೇಸಿಗೆಯಲ್ಲಿ ಬಳ್ಳಾರಿ, ಕಲಬುರಗಿ, ರಾಯಚೂರಿನಲ್ಲಿ ಸಣ್ಣ ತುಂಡು ಮಾಡಿದರೆ 5ರಿಂದ 10 ನಿಮಿಷ. ಗಡಿಯಾರ ನಂಬಬೇಡಿ, ಬೆರಳು ನಂಬಿ.

ಹಿಟ್ಟು ಆಗಲೇ ಜಿಡ್ಡುಜಿಡ್ಡಾಗಿ ಕೈಗಂಟುತ್ತಿದೆ ಅನ್ನಿ. ಆಗ ಎಲ್ಲರೂ ಮಾಡುವ ತಪ್ಪು ಮೈದಾ ಸುರಿಯುವುದು. ಬೇಡ. ಉಂಡೆ ಮಾಡಿ, ತಟ್ಟಿ, ಟ್ರೇ ಸಮೇತ 30 ನಿಮಿಷ ಫ್ರಿಜ್‌ನಲ್ಲಿಡಿ. ಟ್ರೇ ಒಳಗೆ ಹಿಡಿಯದಿದ್ದರೆ ತಟ್ಟೆಯಲ್ಲಿಡಿ. ಅಕ್ಕನ ಎರಡನೇ ಬ್ಯಾಚ್ ಇದೊಂದರಿಂದಲೇ ದಾರಿಗೆ ಬಂತು. ಬೇರೆ ಏನನ್ನೂ ಬದಲಾಯಿಸಲಿಲ್ಲ.

ಬೆಣ್ಣೆ ಸರಿಯಿದ್ದೂ ಹರಡಿದರೆ ಸಕ್ಕರೆ ಕಡೆ ತಿರುಗಿ. ಸಕ್ಕರೆ ಓವನ್‌ನಲ್ಲಿ ಕರಗಿ ಪಾಕದ ಹಾಗೆ ಹರಿಯುತ್ತದೆ. ಜಾಸ್ತಿ ಹಾಕಿದಷ್ಟೂ ಕುಕೀ ಹರಿಯುತ್ತದೆ. ಇಲ್ಲೊಂದು ಅಡಗಿದ ಬಲೆ ಇದೆ. 1 ಕಪ್ ಹರಳು ಸಕ್ಕರೆ ಸುಮಾರು 200 ಗ್ರಾಂ. 1 ಕಪ್ ಪುಡಿ ಸಕ್ಕರೆ ಸುಮಾರು 120 ಗ್ರಾಂ. ರೆಸಿಪಿಯಲ್ಲಿ "1 ಕಪ್ ಪುಡಿ ಸಕ್ಕರೆ" ಅಂತಿದ್ದಾಗ ನೀವು 1 ಕಪ್ ಹರಳು ಸಕ್ಕರೆ ಅಳೆದು ಆಮೇಲೆ ಪುಡಿ ಮಾಡಿದರೆ 80 ಗ್ರಾಂ ಜಾಸ್ತಿ ಹೋಯಿತು. ಅಂಥ ಕುಕೀ ಹರಡುವುದಷ್ಟೇ ಅಲ್ಲ, ಅಂಚು ಗಾಜಿನ ಹಾಗೆ ಹೊಳೆಯುತ್ತದೆ, ಕಡಿದರೆ ಹಲ್ಲಿಗೆ ಅಂಟುತ್ತದೆ. ಬೆಣ್ಣೆಯ ತಪ್ಪಾದರೆ ಅಂಚು ಜಾಳುಜಾಳಾಗಿ, ಬಲೆಯ ಹಾಗೆ ತೂತುತೂತಾಗಿ, ಎಣ್ಣೆ ಜಿಡ್ಡಿನಿಂದ ಕೂಡಿರುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸಲು ಅಂಚನ್ನು ಸವರಿ ಅಂದಿದ್ದು ಇದಕ್ಕೇ.

ಅಂದಹಾಗೆ, ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಪುಡಿ ಮಾಡದೆ ಹಾಕಿದರೆ ಬೆಣ್ಣೆಯಲ್ಲಿ ಪೂರ್ತಿ ಕರಗದೆ ಕುಕೀ ಮೇಲೆ ಕಂದು ಚುಕ್ಕೆ ಬೀಳುತ್ತದೆ. ತಿನ್ನುವಾಗ ಮರಳು ಸಿಕ್ಕ ಹಾಗೆ ಕರಕರ. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಸೇರಿರುತ್ತದೆ, ಹಾಗಾಗಿ ಅದು ಮನೆಯ ಪುಡಿಗಿಂತ ಕಡಿಮೆ ಹರಡುತ್ತದೆ.

ಮೂರನೆಯದು ಟ್ರೇ. ಒಂದೇ ಟ್ರೇ ಇರುವ ಮನೆಗಳಲ್ಲಿ ಮೊದಲ ಬ್ಯಾಚ್ ಚೆನ್ನಾಗಿ ಬಂದು ಎರಡನೆಯದು ಮಾತ್ರ ಹರಡುತ್ತದೆ. ಕಾರಣ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಬಿಸಿ ಟ್ರೇ ಮೇಲೆ ಉಂಡೆ ಇಟ್ಟಿದ್ದೀರಿ. ಓವನ್‌ಗೆ ಹೋಗುವ ಮುಂಚೆಯೇ ತಳ ಕರಗಿದೆ. ಟ್ರೇ ಹಿಂಬದಿಗೆ ನಲ್ಲಿ ನೀರು ಬಿಟ್ಟು ಒರೆಸಿ. ಅಂಗೈ ಇಟ್ಟರೆ ತಣ್ಣಗಿರಬೇಕು.

ಟ್ರೇಗೆ ಬೆಣ್ಣೆ ಸವರುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಜಾರುವ ನೆಲದ ಮೇಲೆ ಹರಡುವುದು ಸುಲಭ. ಬೇಕಿಂಗ್ ಪೇಪರ್ ಹಾಕಿ. ನಮ್ಮಲ್ಲಿ ಬಟರ್ ಪೇಪರ್ ಅಂತ ಸಿಗುವ ತೆಳು ಹಾಳೆ ಎಲ್ಲವೂ ಓವನ್‌ಗೆ ಆಗಲ್ಲ, ಕೆಲವು ಕುಕೀ ತಳಕ್ಕೆ ಕಚ್ಚಿಕೊಂಡು ಸಿಪ್ಪೆಯ ಹಾಗೆ ಬರುತ್ತವೆ. ಕೊಳ್ಳುವಾಗ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಡಬ್ಬಿ ಮೇಲೆ ಓದಿ.

ಹರಡಲೇ ಇಲ್ಲ, ಉಂಡೆ ಉಂಡೆಯಾಗೇ ಉಳಿಯಿತು

ಮುರಿದು ನೋಡಿ. ಒಳಗೆ ಒಣಗಿ, ಹಿಟ್ಟು ಹಿಟ್ಟಾಗಿ, ಗಂಟಲಿಗೆ ಹಿಡಿಯುವ ಹಾಗಿದ್ದರೆ ಮೈದಾ ಜಾಸ್ತಿ. ಕಪ್ಪನ್ನು ಡಬ್ಬದೊಳಗೆ ಅದ್ದಿ, ಒತ್ತಿ ತುಂಬಿದರೆ 1 ಕಪ್ ಮೈದಾ 150 ಗ್ರಾಂ ದಾಟುತ್ತದೆ. ಚಮಚದಲ್ಲಿ ಸಡಿಲವಾಗಿ ತುಂಬಿ ಮೇಲೆ ಸವರಿದರೆ 120ರಿಂದ 125. ಎರಡು ಕಪ್ಪಿನ ರೆಸಿಪಿಯಲ್ಲಿ ಈ ವ್ಯತ್ಯಾಸ ಒಂದು ಸಣ್ಣ ಹಿಡಿಯಷ್ಟಾಗುತ್ತದೆ. ಒಂದು ಸಲ ಸುಮ್ನೆ ತೂಗಿ ನೋಡಿ, ನಂಬಿಕೆ ಬರುತ್ತದೆ. ಇನ್ನು ಕಪ್ ಅಂತ ಟೀ ಲೋಟ ಹಿಡಿಯುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಡಿಜಿಟಲ್ ತಕ್ಕಡಿ ಕೊಳ್ಳಿ. ಮೌಲ್ಡು, ನಾಝಲ್ಲು, ಬಣ್ಣದ ಸ್ಪ್ಯಾಚುಲಾ ಎಲ್ಲ ಆಮೇಲೆ.

ಒಳಗೆ ಚೆನ್ನಾಗಿದ್ದು ಆಕಾರ ಮಾತ್ರ ಉಂಡೆಯಾಗಿದ್ದರೆ ಹಿಟ್ಟು ತೀರಾ ತಣ್ಣಗಿತ್ತು, ಇಲ್ಲವೇ ಓವನ್ ತೀರಾ ಬಿಸಿ ಇತ್ತು. ಕುಕೀ ಕರಗುವ ಮುಂಚೆಯೇ ಹೊರಪದರ ಗಟ್ಟಿಯಾಗಿದೆ. ಲೋಟದ ತಳದಿಂದ ಒತ್ತಿ ತಟ್ಟಿ ಇಡಿ, ಮುಗಿಯಿತು.

ಮೇಲೆ ಬಿರುಕು ಬಿಟ್ಟಿತು ಅಂತ ಕೆಲವರು ಕೇಳುತ್ತಾರೆ. ನಾನ್‌ಖಟಾಯಿ ಬಿರುಕು ಬಿಡಲೇಬೇಕು, ಅದು ಅದರ ಲಕ್ಷಣ. ಬೆಣ್ಣೆ ಕುಕೀ ಅಂಚಿನಲ್ಲಿ ಸೀಳಿದರೆ ಹಿಟ್ಟು ಒಣಗಿದೆ ಅಂತ ಅರ್ಥ. ಅರ್ಧ ಚಮಚ ಹಾಲು.

ತಳ ಸೀದಿದೆ, ಮೇಲೆ ಬಿಳಿ

ಈಗ ಓವನ್ ಕಡೆ ಬರೋಣ. ತಳ ನೋಡಿ ಅಂತ ಶುರುವಿನಲ್ಲಿ ಹೇಳಿದ್ದು ಈ ಭಾಗಕ್ಕಾಗಿ.

ಮನೆಯ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಪುಟ್ಟ ಕರೆಂಟ್ ಓವನ್) ಕುಕೀ ಮತ್ತು ಕೆಂಪಗೆ ಕಾಯುವ ರಾಡ್ ನಡುವೆ ಜಾಗ ಬಹಳ ಕಡಿಮೆ. ಟ್ರೇ ಕೆಳಗಿನ ಹಂತದಲ್ಲಿದ್ದರೆ ತಳ ಸೀಯುವುದು ಖಂಡಿತ. ನಡು ಹಂತಕ್ಕೆ ಏರಿಸಿ, ಮೇಲಿನ ಕೆಳಗಿನ ಎರಡೂ ರಾಡ್ ಹಚ್ಚಿ. ಆಗಲೂ ಸೀದರೆ ಇನ್ನೊಂದು ಖಾಲಿ ಟ್ರೇಯನ್ನು ಕೆಳಗಿನ ಹಂತದಲ್ಲಿ ಇಟ್ಟುಬಿಡಿ, ಅದು ಗುರಾಣಿಯ ಕೆಲಸ ಮಾಡುತ್ತದೆ. ಕಪ್ಪು ಟ್ರೇ ಶಾಖವನ್ನು ಹೆಚ್ಚು ಹೀರುತ್ತದೆ. ಹೊಳೆಯುವ ಅಲ್ಯೂಮಿನಿಯಂ ಟ್ರೇಯಲ್ಲಿ ಚೆನ್ನಾಗಿ ಬರುತ್ತಿದ್ದ ರೆಸಿಪಿ ಕಪ್ಪು ಟ್ರೇಗೆ ಬಂದ ಕೂಡಲೇ ಸೀಯತೊಡಗಿದರೆ 10 ಡಿಗ್ರಿ ಇಳಿಸಿ.

ಒಂದೇ ಟ್ರೇಯಲ್ಲಿ ಹಿಂದಿನ ಸಾಲು ಕಪ್ಪು, ಮುಂದಿನದು ಬಿಳಿ ಬರುತ್ತಿದ್ದರೆ ಬ್ರೆಡ್ ಪರೀಕ್ಷೆ ಮಾಡಿ. ಟ್ರೇ ತುಂಬ ಬ್ರೆಡ್ ತುಂಡು ಜೋಡಿಸಿ, 180 ಡಿಗ್ರಿಯಲ್ಲಿ 8ರಿಂದ 10 ನಿಮಿಷ ಇಟ್ಟು ತೆಗೆಯಿರಿ. ಎಲ್ಲಿ ಬೇಗ ಕೆಂಪಾಗಿದೆಯೋ ಅಲ್ಲಿ ಓವನ್ ಜಾಸ್ತಿ ಕಾಯುತ್ತದೆ. ಆ ಟ್ರೇಯ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಓಟಿಜಿಯಲ್ಲಿ ಬಲಗಡೆ ಹಿಂದಿನ ಮೂಲೆ ಅಪಾಯದ ಜಾಗ. ಅಲ್ಲಿ ನಾನು ಕುಕೀ ಇಡುವುದೇ ಇಲ್ಲ. ಉಳಿದದ್ದಕ್ಕೆ ಅರ್ಧ ಹೊತ್ತಿನಲ್ಲಿ ಟ್ರೇಯ ದಿಕ್ಕು ತಿರುಗಿಸುತ್ತೇನೆ.

ಗುಂಡಿಯ ಮೇಲಿನ ನಂಬರ್ ಎಷ್ಟು ನಿಜ? ಇದಕ್ಕೂ ಅಡುಗೆಮನೆಯಲ್ಲೇ ಪರೀಕ್ಷೆ ಇದೆ. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಫಾಯಿಲ್‌ನಲ್ಲಿ ಸಣ್ಣ ಬಟ್ಟಲು ಮಾಡಿ 1 ಚಮಚ ಸಕ್ಕರೆ ಹಾಕಿ. ಚೆನ್ನಾಗಿ ಕಾದ ಓವನ್‌ನಲ್ಲಿ, 175ಕ್ಕೆ ಇಟ್ಟು 15 ನಿಮಿಷ ಬಿಡಿ. ಕರಗಬಾರದು. ಆಮೇಲೆ 190ಕ್ಕೆ ತಿರುಗಿಸಿ, ಇನ್ನೊಂದು 15ರಿಂದ 20 ನಿಮಿಷ. ಈಗ ಅಂಚಿನಿಂದ ಕರಗತೊಡಗಬೇಕು. 175ರಲ್ಲೇ ಕರಗಿತೇ? ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. 190ರಲ್ಲೂ ಹರಳು ಹರಳಾಗೇ ಕೂತಿದೆಯೇ? ತಣ್ಣಗಿದೆ. ಓವನ್ ಥರ್ಮಾಮೀಟರ್ ಕೊಂಡರೆ ಇನ್ನೂ ಒಳ್ಳೆಯದು, ಆದರೆ ಇವತ್ತು ಸಂಜೆಗೇ ಉತ್ತರ ಬೇಕಾದರೆ ಸಕ್ಕರೆ ಸಾಕು. ಬಟ್ಟಲು ತೆಗೆಯುವಾಗ ಹುಷಾರು, ಕರಗಿದ ಸಕ್ಕರೆ ಬಿದ್ದರೆ ಚರ್ಮ ಕಿತ್ತುಬರುತ್ತದೆ.

ಮೇಲೂ ಬಿಳಿ, ತಳವೂ ಬಿಳಿ, ಎಷ್ಟು ಹೊತ್ತಿಟ್ಟರೂ ಬಣ್ಣ ಬರದೆ ಒಣಗಿ ಹೋಗುತ್ತಿದೆ ಅಂದರೆ ಓವನ್ ಕಾದಿಲ್ಲ. ರಾಡ್ ಕಾಯುತ್ತಿದೆ ಅಂತ ತೋರಿಸುವ ದೀಪ ಆರಿದ ತಕ್ಷಣ ಟ್ರೇ ಒಳಗಿಡುವುದು ಮಾಮೂಲಿ ತಪ್ಪು. ದೀಪ ಆರಿದ್ದು ಒಳಗಿನ ಗಾಳಿ ಕಾಯ್ದಿದ್ದಕ್ಕೆ. ಗೋಡೆ ಇನ್ನೂ ಕಾದಿರುವುದಿಲ್ಲ. ಬಾಗಿಲು ತೆಗೆದರೆ ಆ ಗಾಳಿ ನಿಮ್ಮ ಮುಖಕ್ಕೆ ಬಡಿದು ಹೋಗಿಬಿಡುತ್ತದೆ. ಇನ್ನೂ 10 ನಿಮಿಷ ಬಿಡಿ.

ಊರಿನ ಕಡೆಯವರಿಗೆ ಇನ್ನೊಂದು ಕಾರಣ ಇರಬಹುದು, ವೋಲ್ಟೇಜ್. ರಾಡ್‌ನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಕೊಡುವ ಓಟಿಜಿ 200 ವೋಲ್ಟ್‌ನಲ್ಲಿ ಸುಮಾರು 1130 ವ್ಯಾಟ್ ಮಾತ್ರ ಕೊಡುತ್ತದೆ. ನಾಲ್ಕರಲ್ಲಿ ಒಂದು ಪಾಲು ಮಾಯ. ಗುರುತು ಹಿಡಿಯುವುದು ಸುಲಭ: ಸರಿಯಾಗಿ ಕಾದ ಓವನ್‌ನ ದೀಪ ಆಗಾಗ ಆರಿ ಹತ್ತುತ್ತದೆ. ಸಂಜೆ ಹೊತ್ತು ಅದು ಆರುವುದೇ ಇಲ್ಲ, ಮಧ್ಯಾಹ್ನ ಮಾತ್ರ ಆರಿ ಹತ್ತುತ್ತದೆ ಅಂದರೆ ಸಂಜೆ ಕರೆಂಟಿಗೆ ದಮ್ಮಿಲ್ಲ. ಕುಕೀ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನಡುವೆ ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ. 5 ನಿಮಿಷದೊಳಗೆ ಬಂದರೆ ಬಚಾವ್.

ಮೈಕ್ರೋವೇವ್ ಇರುವವರು ಕನ್ವೆಕ್ಷನ್ ಮೋಡ್‌ನಲ್ಲೇ ಇದ್ದೀರಾ ಅಂತ ನೋಡಿಕೊಳ್ಳಿ. ಬರೀ ಮೈಕ್ರೋ ಮೋಡ್‌ನಲ್ಲಿ ಮೇಲೆ ಬಿಳಿಯಾಗಿದ್ದು ನಡುವೆ ಸುಟ್ಟು ಕಪ್ಪಾಗುತ್ತದೆ. ಒಳಗೆ ಕಪ್ಪು ಚುಕ್ಕೆ ಕಂಡರೆ ಬೇರೆ ವಿಚಾರಣೆಯೇ ಬೇಡ. ಕನ್ವೆಕ್ಷನ್‌ನಲ್ಲಿ ಫ್ಯಾನ್ ತಿರುಗುವುದರಿಂದ ಮಾಮೂಲಿ ಓವನ್ ರೆಸಿಪಿಗಿಂತ 20 ಡಿಗ್ರಿ ಕಡಿಮೆ ಇಡಿ. ಅಮೆರಿಕದ ರೆಸಿಪಿಯಲ್ಲಿ 350 ಅಂತ ಬರೆದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 177. ಇನ್ನು ಬೆಂಗಳೂರು ಎತ್ತರದ ಊರು, ಅದಕ್ಕೇ ಕುಕೀ ಕೆಡುತ್ತದೆ ಅನ್ನುವ ಮಾತೂ ಕೇಳಿದ್ದೇನೆ. 900 ಮೀಟರ್ ಎತ್ತರಕ್ಕೆ ಕುಕೀ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲ್ಲ.

ಕುಕೀ ಅಲ್ಲ, ಬನ್ನು

ಉಬ್ಬಿದೆ, ಮೆತ್ತಗಿದೆ, ಮುರಿದರೆ ಟಕ್ ಅನ್ನದೆ ಬ್ರೆಡ್ ಥರ ಹರಿಯುತ್ತದೆ. ಇಲ್ಲಿ ಅಪರಾಧಿ ನೀರು.

ನನಗೆ ಇದು ಗೊತ್ತಾಗಿದ್ದು ಅತ್ತೆ ಊರಿಂದ ತಂದ ಬೆಣ್ಣೆಯಿಂದ. ಬಾಳೆಲೆಯಲ್ಲಿ ಸುತ್ತಿದ್ದ ಕಡೆದ ಬೆಣ್ಣೆ, ಘಮ ಅಂದರೆ ಘಮ. ಇಂಥ ಬೆಣ್ಣೆಯಲ್ಲಿ ಕುಕೀ ಮಾಡಿದರೆ ಬೇಕರಿಯವರು ನಾಚಬೇಕು ಅಂದುಕೊಂಡು 100 ಗ್ರಾಂ ತೂಗಿ ಹಾಕಿದೆ. ಹೊರಗೆ ಬಂದದ್ದು ಪುಟ್ಟ ಪುಟ್ಟ ಬನ್ನು. ಮಾರನೇ ದಿನ ಅದೇ ಬೆಣ್ಣೆ 100 ಗ್ರಾಂ ಬಾಣಲೆಯಲ್ಲಿ ಕರಗಿಸಿದೆ. ಚಟಪಟ ಅನ್ನುವುದು ನಿಲ್ಲಲೇ ಇಲ್ಲ. ಕೊನೆಗೆ ಕಾದ ತುಪ್ಪ ತೂಗಿದರೆ 68 ಗ್ರಾಂ. ಗಸಿ ಒಂದಿಷ್ಟು ಬಿಟ್ಟರೆ ಉಳಿದದ್ದೆಲ್ಲ ಆವಿಯಾಗಿ ಹೋದ ಮಜ್ಜಿಗೆ ನೀರು. ಪ್ಯಾಕೆಟ್ ಬೆಣ್ಣೆಯಲ್ಲಿ 100ಕ್ಕೆ ಕೊಬ್ಬು ಕನಿಷ್ಠ 80 ಪಾಲು ಇರಬೇಕು, ನೀರು 16 ಪಾಲು ಮೀರಬಾರದು ಅಂತ ನಿಯಮ ಇದೆ. ಮನೆ ಬೆಣ್ಣೆಗೆ ಅಂಥ ಕಟ್ಟುಪಾಡಿಲ್ಲ. ಆ ನೀರು ಮೈದಾದ ಜಿಗುಟನ್ನು ಎಬ್ಬಿಸಿ, ಓವನ್‌ನಲ್ಲಿ ಆವಿಯಾಗಿ ಕುಕೀಯನ್ನು ಉಬ್ಬಿಸಿತ್ತು.

ಮನೆ ಬೆಣ್ಣೆಯೇ ಬೇಕೆಂದರೆ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು, ಮರದ ಸೌಟಿನಿಂದ ಒತ್ತಿ ಒತ್ತಿ ನೀರು ಬಸಿಯಿರಿ, ಹಾಲು ಬಿಟ್ಟುಬಿಡಿ. ಅಥವಾ ತುಪ್ಪವೇ ಹಾಕಿ. 100 ಗ್ರಾಂ ಬೆಣ್ಣೆಗೆ ಬದಲು 80 ಗ್ರಾಂ ತುಪ್ಪ, ಜೊತೆಗೆ ಒಂದು ಚಮಚ ಹಾಲು ಜಾಸ್ತಿ. ತುಪ್ಪ ಹರಳುಗಟ್ಟಿ ಗಟ್ಟಿಯಾಗಿರಬೇಕು. ನೀರಾಗಿರುವ ತುಪ್ಪದಲ್ಲಿ ಗಾಳಿ ನಿಲ್ಲಲ್ಲ.

ಬೆಣ್ಣೆ ಸರಿಯಿದ್ದೂ ಬನ್ನಾದರೆ ಬೇಕಿಂಗ್ ಪೌಡರ್ ಜಾಸ್ತಿಯಾಗಿದೆ, ಇಲ್ಲವೇ ಮೊಸರು, ಹಾಲು ಜಾಸ್ತಿಯಾಗಿದೆ. ತುಂಬಾ ನಾದಿದ್ದರೆ ಉಬ್ಬುವುದಿಲ್ಲ, ಆದರೆ ಗಟ್ಟಿಯಾಗಿ ಜಗ್ಗುತ್ತದೆ.

ಇಲ್ಲೊಂದು ಮಾತು. ಮೆತ್ತಗಿರುವುದೆಲ್ಲ ದೋಷವಲ್ಲ. ಚಾಕೊಲೇಟ್ ಚಿಪ್ ಕುಕೀಯ ತವರು ಅಮೆರಿಕದ ಮ್ಯಾಸಚೂಸೆಟ್ಸ್. 1930ರ ದಶಕದಲ್ಲಿ ಅಲ್ಲಿ ರೂತ್ ವೇಕ್‌ಫೀಲ್ಡ್ ಅವರ ಟೋಲ್ ಹೌಸ್ ಇನ್ ಎಂಬ ಹೋಟೆಲಿನಿಂದ ಅದು ಹೆಸರಾಯಿತು. ಈಗಿನ ಅಮೆರಿಕದ ರೆಸಿಪಿಗಳಲ್ಲಿ ಬಹಳಷ್ಟು ಅಂಚು ಗರಿ, ನಡು ಮೆತ್ತಗೆ ಇರಲಿ ಅಂತಲೇ ಬರೆದವು. ನಮ್ಮ ನಾಲಿಗೆ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿಗೆ ಪಳಗಿದೆ. ಹಾಗಾಗಿ ಅದು ಹಸಿ ಅನ್ನಿಸುತ್ತದೆ. ಗರಿಗರಿ ಬೇಕಾದರೆ ತೆಳ್ಳಗೆ ತಟ್ಟಿ, 10 ಡಿಗ್ರಿ ಇಳಿಸಿ, 4 ನಿಮಿಷ ಜಾಸ್ತಿ ಬೇಯಿಸಿ. ಬೇಕರಿಗಳಲ್ಲಿ ಕೆಲವು ಬಿಸ್ಕತ್ತಿಗೆ ಅಮೋನಿಯಂ ಬೈಕಾರ್ಬೊನೇಟ್ ಹಾಕುತ್ತಾರೆ, ಅದು ಪೂರ್ತಿ ಗಾಳಿಯಾಗಿ ಹಾರಿಹೋಗಿ ಗರಿ ಕೊಡುತ್ತದೆ. ಬೇಯುವಾಗ ಮೂಗಿಗೆ ಅಡರುವ ಘಾಟು ಅದರದ್ದೇ. ಮನೆಯಲ್ಲಿ ಅದರ ಸಹವಾಸ ಬೇಡ.

ಕೈಯಲ್ಲಿ ಹಿಡಿದರೆ ಪುಡಿ

ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಜಾಸ್ತಿಯಾದರೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಚೂರಾಗುತ್ತದಲ್ಲ, ಇದೂ ಅದೇ. ಕೊಬ್ಬು ಜಾಸ್ತಿ, ಹಿಡಿದಿಡುವುದು ಕಡಿಮೆ. ಮೈದಾ ಕುಕೀಯಾದರೆ 1 ಚಮಚ ಹಾಲಿನಲ್ಲಿ ಸರಿಹೋಗುತ್ತದೆ.

ರಾಗಿ ಕುಕೀಯಾದರೆ ಕಥೆ ಬೇರೆ. ರಾಗಿಯಲ್ಲಿ ಗೋಧಿಯ ಜಿಗುಟು ಇಲ್ಲವೇ ಇಲ್ಲ. ಬರೀ ರಾಗಿಯಲ್ಲಿ ಮಾಡಿ ಟ್ರೇಯಿಂದ ಎತ್ತಲು ಹೋದರೆ ಮರಳಿನ ಗುಬ್ಬಚ್ಚಿ ಗೂಡು ಕುಸಿದ ಹಾಗೆ. 100ಕ್ಕೆ 60 ಪಾಲು ರಾಗಿ, 40 ಪಾಲು ಗೋಧಿ ಹಿಟ್ಟು ಇರಲಿ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ ಅನ್ನುವ ತನಕ ಹುರಿದು, ಪೂರ್ತಿ ತಣಿಸಿ ಹಾಕಿ. ಬಿಸಿ ಹಿಟ್ಟು ಬೆಣ್ಣೆ ಕರಗಿಸುತ್ತದೆ, ಮತ್ತೆ ಅಕ್ಕನ ಹೋಳಿಗೆ. ಕಲಸಿದ ಮೇಲೆ ಅರ್ಧ ಗಂಟೆ ಬಿಟ್ಟರೆ ರಾಗಿ ತೇವ ಹೀರಿ ಮರಳು ಮರಳಾಗುವುದು ಕಡಿಮೆಯಾಗುತ್ತದೆ. ರಾಗಿಯ ಬಣ್ಣವೇ ಕಂದು, ಹಾಗಾಗಿ ಬೆಂದಿದ್ದು ಕಣ್ಣಿಗೆ ಗೊತ್ತಾಗಲ್ಲ. ಅಂಚನ್ನು ಚಮಚದಿಂದ ಮೆಲ್ಲಗೆ ತಳ್ಳಿ. ಕುಕೀ ಇಡಿಯಾಗಿ ಜಾರಿದರೆ ಆಯಿತು, ತಳ್ಳಿದ ಜಾಗ ಒಳಗೆ ಹೋದರೆ ಇನ್ನೂ 2 ನಿಮಿಷ.

ಸೋಪಿನ ರುಚಿ

ಸೋಡಾ. ಬೇಕಿಂಗ್ ಪೌಡರ್ ಬದಲು ಅಷ್ಟೇ ಅಳತೆ ಅಡುಗೆ ಸೋಡಾ ಹಾಕಿದ್ದೀರಿ. ಸೋಡಾ ಅದಕ್ಕಿಂತ ಮೂರು ನಾಲ್ಕು ಪಟ್ಟು ಜೋರು, ಮೊಸರಿನಂಥ ಹುಳಿ ಜೊತೆಗಿಲ್ಲದಿದ್ದರೆ ಕುಕೀಯಲ್ಲೇ ಉಳಿದುಬಿಡುತ್ತದೆ. ತಿರುವಿ ನೋಡಿದರೆ ಬಣ್ಣವೂ ಬೇಕಾದ್ದಕ್ಕಿಂತ ಗಾಢ. ಬೇಕಿಂಗ್ ಪೌಡರ್ ಹಳೆಯದಾಗಿದೆಯೇ ಅಂತ ಅನುಮಾನವಿದ್ದರೆ ಬಿಸಿ ನೀರಿಗೆ ಅರ್ಧ ಚಮಚ ಹಾಕಿ, ಬುಸ್ ಅಂತ ನೊರೆ ಏಳಬೇಕು. ಸೋಡಾಕ್ಕೆ ನಿಂಬೆರಸ ಹಿಂಡಿ ನೋಡಿ.

ಮಾರನೇ ದಿನ ಮೆತ್ತಗಾಯಿತು

ಜೂನ್, ಜುಲೈನಲ್ಲಿ ಮಂಗಳೂರು, ಉಡುಪಿ, ಮಲೆನಾಡಿನವರಿಗೆ ಇದು ತಪ್ಪಿದ್ದಲ್ಲ. ಹಪ್ಪಳ ಮೆತ್ತಗಾಗುವ ಮನೆಯಲ್ಲಿ ಕುಕೀ ಹೇಗೆ ಗರಿಯಾಗಿರುತ್ತದೆ? ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬೆಲ್ಲ ಇನ್ನೂ ಜಾಸ್ತಿ ಎಳೆಯುತ್ತದೆ, ಜೋನಿ ಬೆಲ್ಲದ ಕುಕೀ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಸೋಲುತ್ತದೆ.

ಆದರೆ ಬೇಸಿಗೆಯಲ್ಲೂ ಮೆತ್ತಗಾದರೆ ಮಳೆಯನ್ನು ದೂರಬೇಡಿ. ಡಬ್ಬದ ಮುಚ್ಚಳದ ಒಳಭಾಗ ನೋಡಿ. ಹನಿ ಕಂಡರೆ ನೀವು ಬೆಚ್ಚಗಿರುವಾಗಲೇ ತುಂಬಿದ್ದೀರಿ. ಜಾಲರಿ ಮೇಲೆ ಕನಿಷ್ಠ 1 ಗಂಟೆ ತಣಿಸಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಹಾಕಿ. ಮೆತ್ತನೆಯ ಕುಕೀ, ಗರಿ ಕುಕೀ ಒಂದೇ ಡಬ್ಬದಲ್ಲಿಟ್ಟರೆ ಗರಿಯದ್ದೇ ಕೆಡುತ್ತದೆ.

ಮೆತ್ತಗಾಗಿದ್ದನ್ನು 130 ಡಿಗ್ರಿಯಲ್ಲಿ 6ರಿಂದ 8 ನಿಮಿಷ ಮತ್ತೆ ಬಿಸಿ ಮಾಡಿ, ಪೂರ್ತಿ ತಣಿಸಿ. ಗರಿ ವಾಪಸ್ ಬರುತ್ತದೆ. ತಳ ಸೀದಿದ್ದನ್ನು ತುರಿಮಣೆಯ ಸಣ್ಣ ತೂತಿನಲ್ಲಿ ಮೆಲ್ಲಗೆ ಉಜ್ಜಿದರೆ ಕಪ್ಪು ಹೋಗುತ್ತದೆ, ಆದರೆ ಒಳಗೂ ಕಮಟು ಇಳಿದಿದ್ದರೆ ಪ್ರಯೋಜನವಿಲ್ಲ. ಪುಡಿಯಾದದ್ದು ಐಸ್‌ಕ್ರೀಮ್ ಮೇಲೆ ಉದುರಿಸಲು ಬಹಳ ಚೆನ್ನ. ಸೋಡಾ ಜಾಸ್ತಿಯಾದದ್ದಕ್ಕೆ ಮದ್ದಿಲ್ಲ, ಎಸೆಯಿರಿ. ಅಕ್ಕ ಆ ಹೋಳಿಗೆ ಕುಕೀಯನ್ನು ಬಿಸಿ ಇರುವಾಗಲೇ ಚಾಕುವಿನಿಂದ ಚೌಕ ಚೌಕವಾಗಿ ಕತ್ತರಿಸಿ, ಬಂದ ನೆಂಟರಿಗೆ "ಹೊಸ ಥರದ್ದು" ಅಂತ ಟೀ ಜೊತೆ ಕೊಟ್ಟಳಂತೆ. ಒಬ್ಬರು ರೆಸಿಪಿ ಕೇಳಿದರಂತೆ.